ಕೊನೆಯ ಕಂತು ನೋಡದವಳು

"ಫೋನ್ ಇಲ್ಲಿ ಕೊಡಿ!"

ಕನ್ನಡಕದ ಅಂಗಡಿಯಲ್ಲಿ ಗಿರಾಕಿಯನ್ನು ಯಾರೂ ಹೀಗೆ ಗದರುವುದಿಲ್ಲ. ಅದರಲ್ಲೂ ಅವನ ಮೂಗಿನ ಮೇಲೆ ಪರೀಕ್ಷೆಯ ದುಂಡು ಚೌಕಟ್ಟು ಕೂತಿರುವಾಗ, ಎದುರಿನ ಗೋಡೆಯೇ ಅವನಿಗೆ ಮಸುಕಾಗಿ ಕಾಣುತ್ತಿರುವಾಗ ಗದರುವುದು ಮರ್ಯಾದೆಯಲ್ಲ. ಆದರೆ ಅವಳು ಗದರಿದಳು.

"ಹತ್ತಿರದ್ದು ಸರಿಯಾಗಿ ಕಾಣುತ್ತಾ, ನಿಮ್ಮ ಫೋನ್ ನೋಡಿ ಹೇಳಿ" ಎಂದವಳೂ ಅವಳೇ. ಅವನು ಜೇಬಿನಿಂದ ಫೋನ್ ತೆಗೆದ. ಪರದೆ ಬೆಳಗಿತು. ಅಲ್ಲೊಂದು ಕಲ್ಲಿನ ಮೆಟ್ಟಿಲ ಸಾಲು, ಹಸಿರು ಕಂಬಿ, ಇಳಿಬಿಸಿಲು. ನಡುವಿನ ಮೆಟ್ಟಿಲ ಮೇಲೆ ಗಲ್ಲಕ್ಕೆ ಕೈಕೊಟ್ಟು ಕೂತ ಒಬ್ಬ ಹುಡುಗಿ.

ಆ ಹುಡುಗಿ ಅಲ್ಲಿರಬಾರದಿತ್ತು!

"ಇವಳು ಇಲ್ಲೇನು ಮಾಡ್ತಿದ್ದಾಳೆ?"

"ಇದಾ... ಒಂದು ಅನಿಮೆ, ಜಪಾನಿ ಕಾರ್ಟೂನ್ ಸರಣಿ. ‘ನೀಲಿ ಟ್ರ್ಯಾಮ್’ ಅಂತ. ಇವಳು ಅದ್ರಲ್ಲಿ ಟಿಕೆಟ್ ಕೊಡೋ ಹುಡುಗಿ..."

"ಅದು ನಂಗೊತ್ತು. ಇವಳನ್ನ ತಂದು ಇಲ್ಲಿ ಕೂರಿಸಿದ್ದು ಯಾರು?"

"ನಾನೇ. ಯಾಕೆ, ಚೆನ್ನಾಗಿ ಬಂದಿಲ್ವಾ?"

"ಅದು ನನ್ನ ಮೆಟ್ಟಿಲು!"

ಅವನು ಗಾಬರಿಯಾಗಿ ಎದ್ದು ನಿಂತ. ದುಂಡು ಚೌಕಟ್ಟಿನೊಳಗಿಂದ ಕಣ್ಣು ಕಿರಿದು ಮಾಡಿ ಅವಳನ್ನೇ ನೋಡಿದ. "ನೀವು... ಖಾಲಿಕುರ್ಚಿ?"

ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಯಜಮಾನರು, ಅಂದರೆ ಅವಳ ಚಿಕ್ಕಪ್ಪ, ತಲೆ ಎತ್ತಿದರು. "ಕುರ್ಚಿ ಖಾಲಿ ಇದ್ರೆ ಕೂರಿಸಮ್ಮ ಅವ್ರನ್ನ. ನಿಲ್ಲಿಸಿಕೊಂಡು ಯಾಕೆ ಜಗಳ?"

ಖಾಲಿಕುರ್ಚಿ ಎನ್ನುವುದು ಅವಳ ಇನ್ನೊಂದು ಹೆಸರು. ಹಗಲೆಲ್ಲ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವವಳು, ಮನೆಗೆ ಬಂದ ಮೇಲೆ ಅನಿಮೆ ಪ್ರಿಯರು ಸೇರುವ ಜಾಲತಾಣವೊಂದರಲ್ಲಿ ಆ ಹೆಸರಿನಿಂದ ಫೋನ್ ಪರದೆಯ ವಾಲ್‌ಪೇಪರ್ ಹಾಕುತ್ತಿದ್ದಳು. ಇಷ್ಟದ ಸರಣಿಯನ್ನು ನಿಲ್ಲಿಸಿ ನಿಲ್ಲಿಸಿ ನೋಡುವುದು, ಹಿಡಿಸಿದ ದೃಶ್ಯವನ್ನು ಎತ್ತಿಕೊಳ್ಳುವುದು, ಅದರೊಳಗಿನ ಮನುಷ್ಯರನ್ನೆಲ್ಲ ಅಳಿಸಿಬಿಡುವುದು. ಇದು ಅವಳ ಹವ್ಯಾಸ.

ಅಳಿಸುವುದು ಸುಲಭ. ಅಳಿಸಿದ ಮೇಲೆ ಉಳಿಯುವ ತೂತನ್ನು ಮುಚ್ಚುವುದೇ ಕಷ್ಟ. ಅದಕ್ಕವಳು ಆ ದೃಶ್ಯದ ಹಿಂದುಮುಂದಿನ ಚೌಕಗಳನ್ನು, ಅಂದರೆ ಫ್ರೇಮುಗಳನ್ನು, ಒಂದೊಂದಾಗಿ ಸರಿಸಿ ನೋಡುತ್ತಾಳೆ. ಪಾತ್ರ ತುಸು ಪಕ್ಕಕ್ಕೆ ವಾಲಿದಾಗ ಬೆನ್ನ ಹಿಂದಿನ ಗೋಡೆ ಇಣುಕುತ್ತದಲ್ಲ, ಆ ಚೂರನ್ನು ತಂದು ತೂತಿಗೆ ಹಚ್ಚುತ್ತಾಳೆ. ಕೊನೆಗೆ ಉಳಿಯುವುದು ಒಂದು ಬೆಂಚು, ಒಂದು ಕಿಟಕಿ, ಯಾರೂ ಇಲ್ಲದ ಒಂದು ಮೆಟ್ಟಿಲ ಸಾಲು.

ಯಾಕೆ ಖಾಲಿ ಮಾಡ್ತೀರಿ ಎಂದು ಯಾರಾದರೂ ಕೇಳಿದರೆ, "ಐಕಾನ್‌ಗಳು ಸ್ಪಷ್ಟವಾಗಿ ಕಾಣ್ತವೆ" ಎನ್ನುತ್ತಾಳೆ. ಅದು ಹಸಿ ಸುಳ್ಳು. ಯಾರೂ ಇಲ್ಲದ ಜಾಗದಿಂದ ಯಾರೂ ಎದ್ದು ಹೋಗುವ ಹಾಗಿಲ್ಲ, ನಿಜವಾದ ಕಾರಣ ಇಷ್ಟೇ.

ಶಾಲೆಯಲ್ಲಿ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿಯೊಬ್ಬಳು ಒಂದು ಸೋಮವಾರ ಬರಲಿಲ್ಲ. ಮನೆಯವರೆಲ್ಲ ಊರು ಬಿಟ್ಟಿದ್ದರು. ಇಬ್ಬರೂ ಸೇರಿ ನೋಡುತ್ತಿದ್ದ ಸರಣಿಯ ಕೊನೆಯ ಕಂತು ಅದೇ ವಾರ ಬರುವುದಿತ್ತು. ಅವಳು ನೋಡಲಿಲ್ಲ. ಅಂದಿನಿಂದ ಯಾವ ಸರಣಿಯ ಕೊನೆಯ ಕಂತನ್ನೂ ನೋಡಿಲ್ಲ. ನೋಡದಿದ್ದರೆ ಮುಗಿಯುವುದಿಲ್ಲ ಎಂದು ಬಲವಾಗಿ ನಂಬಿದ್ದಳು. ‘ನೀಲಿ ಟ್ರ್ಯಾಮ್’ ಅವಳ ಪ್ರಾಣ. ಅದರ ಇಪ್ಪತ್ನಾಲ್ಕನೇ ಕಂತು ಮಾತ್ರ ಮುಟ್ಟದೆ ಹಾಗೇ ಇತ್ತು.

ಇದನ್ನು ಹೇಳಿಕೊಂಡರೆ ತಾಣದಲ್ಲಿ ಮಾನ ಉಳಿಯುತ್ತದೆಯೇ? ಆದ್ದರಿಂದ ಹೇಳಿರಲಿಲ್ಲ.

ಅವಳ ಪ್ರತಿ ವಾಲ್‌ಪೇಪರ್‌ನ ಕೆಳಗೂ ‘ಕಿಟಕಿಸೀಟು’ ಎಂಬ ಹೆಸರಿನವನೊಬ್ಬ ಒಂದೇ ಸಾಲು ಬರೆಯುತ್ತಿದ್ದ. ‘ತುಂಬಾ ಚೆನ್ನಾಗಿದೆ. ಆದ್ರೆ ಅವಳೆಲ್ಲಿ?’ ಅವಳು ಒಮ್ಮೆಯೂ ಉತ್ತರಿಸಿರಲಿಲ್ಲ.

ಖಾಲಿ ಮೆಟ್ಟಿಲಿಗೆ ಆ ಹುಡುಗಿಯನ್ನು ತಂದು ಕೂರಿಸುವವನು ಇನ್ಯಾರಿರಲು ಸಾಧ್ಯ? ಆ ಕಿಟಕಿಸೀಟು ಈಗ ಬಿರುಕು ಬಿಟ್ಟ ಕನ್ನಡಕ ಕೈಯಲ್ಲಿ ಹಿಡಿದು ಎದುರಿಗೆ ನಿಂತಿದ್ದ.

"ಬೇರೆಯವರು ಮಾಡಿದ್ದನ್ನ ಹಾಳು ಮಾಡೋಕೆ ನಾಚಿಕೆ ಆಗಲ್ವಾ?"

"ಹಾಳಲ್ಲ ಮೇಡಂ. ನಾನು ಹಲ್ಲಿನ ಸೆಟ್ಟು ಮಾಡೋನು. ಖಾಲಿ ಜಾಗ ಕಂಡ್ರೆ ಕೈ ಸುಮ್ನಿರಲ್ಲ. ಹೊಟ್ಟೆಪಾಡೇ ಅದು..."

ಅವಳಿಗೆ ನಗು ಬಂತು. ಕೋಪದಲ್ಲಿರುವಾಗ ನಗು ಬರುವುದರಷ್ಟು ಪೇಚಿನ ಸಂಗತಿ ಇನ್ನೊಂದಿಲ್ಲ. ಅವಳು ಅಳತೆ ಬರೆದುಕೊಳ್ಳುವ ನೆಪದಲ್ಲಿ ತಲೆ ಬಗ್ಗಿಸಿದಳು.

ಹೊಸ ಕನ್ನಡಕ ಕೊಂಡುಹೋದವನು ಎರಡೇ ದಿನಕ್ಕೆ ಬಂದ. ಸ್ಕ್ರೂ ಸಡಿಲವಂತೆ. ಆಮೇಲೆ ಮೂಗಿನ ಹತ್ತಿರ ಒತ್ತುತ್ತದಂತೆ. ಆಮೇಲೆ ಮತ್ತೆ ಸ್ಕ್ರೂ.

ಚಿಕ್ಕಪ್ಪ ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟರು. "ಆ ಕನ್ನಡಕಕ್ಕೆ ಇರೋದೇ ಎರಡು ಸ್ಕ್ರೂ. ದಿನಾ ಬಿಗಿ ಮಾಡ್ತಿದ್ದೀಯ. ಸಡಿಲ ಆಗಿರೋದು ಕನ್ನಡಕಾನಾ, ಆ ಹುಡುಗನಾ?"

"ಚಿಕ್ಕಪ್ಪಾ!"

"ನಾನೇನೂ ಹೇಳ್ಲಿಲ್ಲಪ್ಪ."

ಅವನ ಕೆಲಸದ ಕೋಣೆ ಅಂಗಡಿಯ ಹಿಂದಿನ ಬೀದಿಯಲ್ಲಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ಇಬ್ಬರೂ ಅಲ್ಲಿ ಕೂತು ಸರಣಿ ನೋಡುವುದು ರೂಢಿಯಾಯಿತು. ಪ್ಲಾಸ್ಟರಿನ ದವಡೆಯ ಅಚ್ಚೊಂದಕ್ಕೆ ಫೋನ್ ಒರಗಿಸುತ್ತಿದ್ದರು. ಸುತ್ತಲೂ ತಟ್ಟೆಗಳಲ್ಲಿ ನಾನಾ ಛಾಯೆಯ ಬಿಳುಪಿನ ಹಲ್ಲುಗಳು. ಹಲ್ಲಿನಲ್ಲಿ ಇಷ್ಟೊಂದು ಬಗೆಯ ಬಿಳುಪಿದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ.

"ಯಾರೋ ಸುತ್ತಲೂ ಕೂತು ನಗ್ತಿರೋ ಹಾಗಿದೆ" ಎಂದಳು ಮೊದಲ ದಿನ.

"ಅಭ್ಯಾಸ ಆಗುತ್ತೆ. ಇವು ಯಾರ ಗುಟ್ಟನ್ನೂ ಹೊರಗೆ ಬಿಡಲ್ಲ."

ಅವಳು ಖಾಲಿ ಮಾಡಿದ್ದನ್ನು ಅವನು ತುಂಬುತ್ತಿದ್ದ. ಅವನು ತುಂಬಿದ್ದನ್ನು ಅವಳು ಮತ್ತೆ ಖಾಲಿ ಮಾಡಿ ಕಳಿಸುತ್ತಿದ್ದಳು. ಬೆಂಚಿನ ಮೇಲೆ ಒಮ್ಮೆ ಅವನು ಟಿಕೆಟ್ ಹುಡುಗಿಯ ಬದಲು ಬರೀ ಅವಳ ಕೊಡೆಯನ್ನಿಟ್ಟ. ಅದನ್ನು ಮಾತ್ರ ಅವಳು ಅಳಿಸಲಿಲ್ಲ. ಯಾಕೆ ಅಳಿಸಲಿಲ್ಲ ಎಂದು ತನ್ನನ್ನೇ ಕೇಳಿಕೊಂಡಳು... ಉತ್ತರ ಗೊತ್ತಿತ್ತು. ಅವನೆಂದರೆ ಅವಳಿಗೆ ಇಷ್ಟ. ಅವನು ಬರದ ದಿನ ಅಂಗಡಿಯ ಗಡಿಯಾರವೂ ಕುಂಟುತ್ತಿತ್ತು.

"ಕೊನೇ ಕಂತಿನ ವಾಲ್‌ಪೇಪರ್ ನೀವು ಒಂದೂ ಮಾಡಿಲ್ವಲ್ಲ?" ಎಂದು ಅವನು ಒಮ್ಮೆ ಕೇಳಿದ.

"ಕೊನೇದರ ಬಗ್ಗೆ ಮಾತಾಡೋದು ಬೇಡ."

"ಅಷ್ಟು ಅತ್ತಿದ್ರಾ?"

"ಹ್ಞೂಂ" ಎಂದಳು. ಸುಳ್ಳು ಸಲೀಸಾಗಿ ಬಂತು. ಅವನು ನಂಬಿದ. ಸರಣಿಯ ಒಂದೊಂದು ಹೆಂಚನ್ನೂ ಬಲ್ಲವಳು ಕೊನೆ ನೋಡಿಲ್ಲವೆಂದು ಯಾರು ತಾನೇ ಊಹಿಸುತ್ತಾರೆ?

ಆ ವಾರ ಅವನಿಗೆ ದೂರದ ದೊಡ್ಡ ಊರಿನ, ಹಲ್ಲು ತಯಾರಿಸುವ ಪ್ರಯೋಗಾಲಯವೊಂದರಿಂದ ಕರೆ ಬಂತು. ಒಳ್ಳೆಯ ಕೆಲಸ, ಹೊಸ ಯಂತ್ರಗಳು. ಅವನು ಹೇಳಿದಾಗ ಅವಳು ನಗುತ್ತಲೇ ಅಭಿನಂದಿಸಿದಳು. ಎದೆಯಲ್ಲಿ ಮಾತ್ರ ಆ ಹಳೆಯ ಸೋಮವಾರ ತಿರುಗಿ ಬಂದು ಕೂತಿತು.

ಕೆಲ ದಿನ ಬಿಟ್ಟು ಅವನು ಅಂಗಡಿಯ ಬಾಗಿಲಲ್ಲಿ ನಿಂತ. "ನಿಮಗೊಂದು ಮಾತು ಹೇಳ್ಬೇಕಿತ್ತು. ಆ ಕೆಲಸದ ವಿಷಯ..."

"ಈಗ ಗಿರಾಕಿ ಇದ್ದಾರೆ."

ಅಂಗಡಿಯಲ್ಲಿ ಚಿಕ್ಕಪ್ಪನನ್ನು ಬಿಟ್ಟರೆ ಒಂದು ನೊಣವೂ ಇರಲಿಲ್ಲ.

ಮರುದಿನ ಮತ್ತೆ ಬಂದ. "ಎರಡೇ ನಿಮಿಷ..."

"ಆಮೇಲೆ ಮಾತಾಡೋಣ. ಆಮೇಲೆ."

ಅವನು ಹೊಸ್ತಿಲಲ್ಲೇ ನಿಂತು ಕನ್ನಡಕ ಸರಿಮಾಡಿಕೊಂಡ. "ಸರಿ. ಬಾಯಲ್ಲಿ ಹೇಳೋಕೆ ನೀವು ಬಿಡ್ತಿಲ್ಲ. ಕಳಿಸ್ತೀನಿ. ನೋಡಿದ್ರೆ ನಿಮಗೆ ಅರ್ಥ ಆಗುತ್ತೆ."

ಸಂಜೆ ಬಂದದ್ದು ಒಂದು ವಾಲ್‌ಪೇಪರ್. ಅದರ ಹೆಸರು ‘ಇಪ್ಪತ್ನಾಲ್ಕು’.

ಬೆಳಗಿನ ಜಾವದ ಟ್ರ್ಯಾಮ್ ನಿಲ್ದಾಣ. ನೀಲಿ ಟ್ರ್ಯಾಮ್ ತಿರುವಿನಲ್ಲಿ ಮರೆಯಾಗುತ್ತಿದೆ. ಟಿಕೆಟ್ ಗೂಡಿನ ಮುಂದೆ ಸರಣಿಯ ನಾಯಕ, ಆ ಟ್ರ್ಯಾಮಿನ ಚಾಲಕ, ನಿಂತಿದ್ದಾನೆ, ಕಾಲ ಬಳಿ ಚೀಲ. ಸರಣಿಯಲ್ಲಿ ಆ ಚಾಲಕನಿಗೆ ಕನ್ನಡಕವಿಲ್ಲ. ಇಲ್ಲಿ ಇದೆ, ಅವಳೇ ಕೈಯಾರೆ ಗಾಜು ಕೂರಿಸಿಕೊಟ್ಟ ಆ ಕಂದು ಚೌಕಟ್ಟು.

ಟಿಕೆಟ್ ಹುಡುಗಿ ಎಲ್ಲೂ ಇಲ್ಲ!

ಎಲ್ಲಿ ಜಾಗ ಕಂಡರೂ ಆ ಹುಡುಗಿಯನ್ನು ತಂದು ಕೂರಿಸುತ್ತಿದ್ದವನು, ಇಲ್ಲಿ ಮಾತ್ರ ಅವಳನ್ನು ಕೈಬಿಟ್ಟಿದ್ದಾನೆ. ಇಪ್ಪತ್ಮೂರನೇ ಕಂತು ಮುಗಿದದ್ದೇ ಚಾಲಕನಿಗೆ ವರ್ಗವಾದ ಸುದ್ದಿಯಿಂದ. ಚೀಲ ಕಟ್ಟಿಕೊಂಡು, ಹುಡುಗಿಯನ್ನು ಬಿಟ್ಟು ಹೊರಟಿದ್ದಾನೆ. ಇನ್ನು ಅರ್ಥವಾಗದಿರಲು ಏನಿದೆ? ‘ಹೊರಟೆ ಅಂತ ಹೇಳೋಕೆ ಇಷ್ಟು ಚಂದದ ಚಿತ್ರ ಬೇಕಿತ್ತಾ? ನಾನು ಇಷ್ಟು ವರ್ಷ ಮುಚ್ಚಿಟ್ಟುಕೊಂಡ ಕೊನೆಯನ್ನೂ ತೆಗೆದು ಮುಖಕ್ಕೆ ಹಿಡಿದನಲ್ಲ...’

ಅವಳು ಅತ್ತಳು. ಆಮೇಲೆ ಅವನ ನಂಬರ್ ಬ್ಲಾಕ್ ಮಾಡಿದಳು, ತಾಣದಲ್ಲೂ ಬ್ಲಾಕ್ ಮಾಡಿದಳು.

ಅವನು ಅಂಗಡಿಗೆ ಬರುವುದೂ ನಿಂತಿತು.

"ಹಲ್ಲಿನ ಹುಡುಗ ಕಾಣ್ತಾನೇ ಇಲ್ವಲ್ಲ" ಎಂದರು ಚಿಕ್ಕಪ್ಪ. "ಸ್ಕ್ರೂ ಗಟ್ಟಿಯಾಯ್ತಾ?"

"ಊರು ಬಿಟ್ಟಿರ್ತಾನೆ."

"ನಿಂಗೆ ಹೇಳಿ ಹೋದ್ನಾ?"

ಅವಳು ಗಾಜು ಒರೆಸುತ್ತಲೇ ಇದ್ದಳು. ಆ ಗಾಜು ಆಗಲೇ ಮೂರು ಸಲ ಒರೆಸಿಯಾಗಿತ್ತು.

ಭಾನುವಾರ ಬೆಳಿಗ್ಗೆ ಅವಳಿಗೆ ಹಟ ಹತ್ತಿತು. ಅವನನ್ನು ಅಳಿಸಬೇಕು! ಆ ಚಿತ್ರದಿಂದ ಚಾಲಕನನ್ನು, ಚೀಲವನ್ನು, ಕನ್ನಡಕವನ್ನು ಒರೆಸಿ ಹಾಕಿ, ಖಾಲಿ ನಿಲ್ದಾಣವನ್ನು ತಾಣದಲ್ಲಿ ಹಾಕಿಬಿಡಬೇಕು. ಅಲ್ಲಿಗೆ ಮುಗಿಯಿತು.

ಅಳಿಸಿದಳು. ನಿಲ್ದಾಣದ ನಡುವೆ ಮನುಷ್ಯನಾಕಾರದ ತೂತು ಉಳಿಯಿತು. ಅದರ ಹಿಂದೆ ಏನಿತ್ತು? ಗೂಡಿನ ಕಿಟಕಿ ಇರಬೇಕು. ಮುಚ್ಚಿದ್ದೋ ತೆರೆದದ್ದೋ? ಊಹೆಯಿಂದ ಬರೆಯುವುದು ಅವಳ ಜಾಯಮಾನವಲ್ಲ. ಹಿಂದುಮುಂದಿನ ಚೌಕಗಳು ಬೇಕು. ಅಂದರೆ ಕೊನೆಯ ಕಂತು ತೆರೆಯಬೇಕು.

‘ಬರೀ ಆ ಒಂದು ದೃಶ್ಯ. ಸದ್ದು ಆಫ್ ಮಾಡಿ ನೋಡಿದ್ರೆ ನೋಡಿದ ಹಾಗಲ್ಲ’ ಎಂದು ತನಗೆ ತಾನೇ ಸಬೂಬು ಹೇಳಿಕೊಂಡು ತೆರೆದಳು.

ದೃಶ್ಯ ಸಿಕ್ಕಿತು. ಟ್ರ್ಯಾಮ್ ಹೊರಡುತ್ತಿದೆ... ಆದರೆ ಅದನ್ನು ಓಡಿಸುತ್ತಿರುವವನು ಬೇರೆ ಯಾರೋ! ಹಳೆಯ ಚಾಲಕ ಹೆಗಲಿನ ಚೀಲವನ್ನು ಕೆಳಗಿಡುತ್ತಿದ್ದಾನೆ. ಚೀಲ ಎತ್ತಿಕೊಂಡು ಹೊರಟವನಲ್ಲ ಅವನು. ಪರದೆಯ ಅಡಿಯಲ್ಲಿ ಅವನ ಮಾತು ಮೂಡಿತು. ‘ಅದು ಹೋಗಲಿ. ನಾನು ಇಳಿದುಬಿಟ್ಟೆ.’

ಅವಳು ಪರದೆಯತ್ತ ಬಗ್ಗಿದಳು. ಒಂದು ಚೌಕ ಮುಂದೆ ಸರಿಸಿದಳು. ಇನ್ನೊಂದು. ಚಾಲಕ ನಿಧಾನವಾಗಿ ಪಕ್ಕಕ್ಕೆ ತಿರುಗಿದ. ಅವನ ಹೆಗಲ ಹಿಂದಿನಿಂದ ಗೂಡಿನ ಕಿಟಕಿ ಕಾಣಿಸಿತು. ಕಿಟಕಿ ತೆರೆದಿತ್ತು. ಅದರೊಳಗೆ, ಇಷ್ಟು ಹೊತ್ತೂ ಅವನ ಬೆನ್ನಿಗೇ ಮರೆಯಾಗಿ, ಟಿಕೆಟ್ ಹುಡುಗಿ ನಿಂತಿದ್ದಳು.

ಈಗ ಅವಳು ಕಂತಿನ ಸದ್ದು ಆನ್ ಮಾಡಿದಳು. ಮೊದಲಿನಿಂದ ಪೂರ್ತಿ ನೋಡಿದಳು. ಮುಗಿದು ಹೆಸರುಗಳೆಲ್ಲ ಓಡಿಹೋದ ಮೇಲೂ ಬಿಕ್ಕುತ್ತಿದ್ದಳು. ಏನೂ ಮುರಿದು ಬೀಳಲಿಲ್ಲ.

‘ಅಯ್ಯೋ... ಅವನು ಹೇಳೋಕೆ ಬಂದಿದ್ದು ಇದನ್ನ!’

ಚಪ್ಪಲಿ ಮೆಟ್ಟಿ ಹೊರಟವಳು ಅರ್ಧ ದಾರಿಯಿಂದ ಹಿಂದಿರುಗಿ, ಅಂಗಡಿಯ ಸಣ್ಣ ಸ್ಕ್ರೂಡ್ರೈವರ್, ಒಂದೆರಡು ಸ್ಕ್ರೂ ಜೇಬಿಗೆ ಹಾಕಿಕೊಂಡು ಮತ್ತೆ ಓಡಿದಳು. ಹೋಗಲು ಏನಾದರೂ ನೆಪ ಬೇಕಲ್ಲ.

ಅವನು ಊರು ಬಿಟ್ಟಿರಲಿಲ್ಲ. ತನ್ನ ಕೋಣೆಯಲ್ಲೇ ಕೂತು ಯಾರದೋ ಕೋರೆಹಲ್ಲಿಗೆ ಹೊಳಪು ಕೊಡುತ್ತಿದ್ದ. ಕನ್ನಡಕದ ಒಂದು ಕಡ್ಡಿ ಕಳಚಿ, ಅಲ್ಲಿ ದಾರ ಸುತ್ತಿತ್ತು. ಈ ಸಲ ಸ್ಕ್ರೂ ನಿಜವಾಗಿಯೂ ಬಿದ್ದುಹೋಗಿತ್ತು. ಅಂಗಡಿಗೆ ಬರಲು ಅವನಿಗೆ ಮುಖವಿರಲಿಲ್ಲ.

ಅವಳನ್ನು ಕಂಡು ಎದ್ದು ನಿಂತ. "ನೀವು..."

"ಕೂತ್ಕೊಳ್ಳಿ. ಕನ್ನಡಕ ಕೊಡಿ."

ಕೊಟ್ಟ. ಅವಳು ದಾರ ಬಿಚ್ಚತೊಡಗಿದಳು. ಕೈ ಕೆಲಸ ಮಾಡುತ್ತಿದ್ದರೆ ಬಾಯಿಗೆ ಧೈರ್ಯ ಬರುತ್ತದೆ.

"ಕೆಲಸಕ್ಕೆ ಹೋಗ್ಲಿಲ್ವಾ?"

"ಬೇಡ ಅಂದೆ. ಚಿತ್ರ ಕಳಿಸಿದ್ನಲ್ಲ. ಅದಕ್ಕೆ ನೀವು ಬ್ಲಾಕ್ ಮಾಡಿದ್ರಿ. ಉತ್ತರ ಸಿಕ್ತು ಅಂದ್ಕೊಂಡೆ."

"ನಾನು ಕೊನೇ ಕಂತು ನೋಡಿರ್ಲಿಲ್ಲ."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಗಿ, ಎರಡೂ ಕೈ ತಲೆಯ ಮೇಲೆ ಹೊತ್ತುಕೊಂಡ. "ಏನು? ‘ನೀಲಿ ಟ್ರ್ಯಾಮ್’ ಕೊನೇದು... ನೀನು ನೋಡೇ ಇರ್ಲಿಲ್ವಾ? ಹಾಗಾದ್ರೆ ನಾನು ಕಳಿಸಿದ್ದು ಸ್ಪಾಯ್ಲರ್! ಅಯ್ಯಯ್ಯೋ, ಕೊನೇನೇ ಹೇಳಿಬಿಟ್ನಲ್ಲ! ನಂಗೆ ಕ್ಷಮೆ ಇಲ್ಲ ಬಿಡು!"

ಕಣ್ಣೀರಿನ ನಡುವೆ ಅವಳಿಗೆ ನಗು ಉಕ್ಕಿತು. ಪ್ರೀತಿ ಕೈತಪ್ಪಿತೆಂದು ಕೊರಗುತ್ತಿದ್ದವನು, ಕಥೆಯ ಕೊನೆ ಹೇಳಿಬಿಟ್ಟೆನಲ್ಲ ಎಂದು ಅದಕ್ಕಿಂತ ಹೆಚ್ಚು ಪರದಾಡುತ್ತಿದ್ದ. ‘ನೀವು’ ಹೋಗಿ ‘ನೀನು’ ಬಂದದ್ದನ್ನು ಇಬ್ಬರೂ ಗಮನಿಸಿದರು, ಇಬ್ಬರೂ ತಿದ್ದಲು ಹೋಗಲಿಲ್ಲ.

"ಬೆಳಿಗ್ಗೆ ನೋಡ್ದೆ" ಎಂದಳು. "ನಿನ್ನನ್ನ ಅಳಿಸೋಕೆ ಅಂತ ತೆರೆದೆ."

"ಅಳಿಸಿದ್ಯಾ?"

"ಅಳಿಸಿದೆ. ತೂತು ಮುಚ್ಚೋಕೆ ಆಗ್ಲಿಲ್ಲ. ಅಳಿಸಿದ್ದನ್ನ ವಾಪಸ್ ಹಾಕಿದೆ."

ಅವಳು ಫೋನ್ ತೆರೆದು ಅವನ ಕಡೆಗೆ ತಿರುಗಿಸಿದಳು. ಕನ್ನಡಕ ಇನ್ನೂ ಅವಳ ಕೈಯಲ್ಲೇ ಇದ್ದುದರಿಂದ ಅವನಿಗೆ ಕಂಡದ್ದು ನೀಲಿಯ ಒಂದು ಮಸುಕು ಮಾತ್ರ.

"ಏನೂ ಕಾಣಿಸ್ತಿಲ್ಲ. ನನ್ನ ಹಿಂದೆ ಏನಿತ್ತು?"

ಅವಳು ಹೊಸ ಸ್ಕ್ರೂ ಬಿಗಿದು, ಗಾಜು ಒರೆಸಿ, ಕನ್ನಡಕವನ್ನು ತಾನೇ ಅವನ ಮೂಗಿನ ಮೇಲೆ ಇಟ್ಟಳು. ಕಡ್ಡಿಗಳನ್ನು ಕಿವಿಯ ಹಿಂದೆ ಸರಿಸಿದ ಕೈ ಅಲ್ಲೇ ನಿಂತಿತು.

"ನಾನಿದ್ದೆ" ಎಂದಳು.