ಹದಿನಾಲ್ಕೂವರೆ ಇಂಚು

"ಹೆಸರು ಎಲ್ಲಿ ಕೆತ್ತಬೇಕು ಮೇಡಂ?" ಎಂದು ಬಡಗಿ ಮೇಸ್ತ್ರಿ ಕೇಳಿದಾಗ ನಾನು ಏಣಿಯ ಮೇಲಿದ್ದೆ.

"ಯಾರ ಹೆಸರೂ ಇಲ್ಲ."

"ಫೋಟೋ?"

"ಇಲ್ಲ. ದೇವರೂ ಇಲ್ಲ. ಸತ್ತವರನ್ನ ನೆನೆಸ್ಕೊಳ್ಳೋಕೆ ಒಂದು ಕೋಣೆ, ಯಾರು ಬೇಕಾದ್ರೂ ಬರಬಹುದು. ಒಂದು ಕಿಟಕಿ, ಒಂದು ಬೆಂಚು. ಅಷ್ಟೇ."

"ಕಿಟಕಿ ನಮ್ಮನೇಲೂ ಇದೆಯಲ್ಲ ಮೇಡಂ," ಎಂದರು ಬಹಳ ವಿನಯದಿಂದ.

ನನಗೆ ಮೈಯೆಲ್ಲ ಉರಿಯಿತು. ದಡದಡ ಇಳಿಯುವಾಗ ಏಣಿ ಅಲ್ಲಾಡಿತು, ಅವರು ಒಂದೇ ಕೈಯಲ್ಲಿ ಹಿಡಿದು ನಿಲ್ಲಿಸಿದರು. ಆ ಕೈಯನ್ನು ನೋಡಿದೆ. ಕೋಪ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ನಲವತ್ತೊಂದನೆಯ ವಯಸ್ಸಿನಲ್ಲಿ ಹೀಗೆಲ್ಲ ಆಗಬಾರದು. ಆಯಿತು.

ಆ ಕೋಣೆಗೆ ಸಿಕ್ಕಿದ್ದು ಊರಿಗೆಲ್ಲ ನೀರು ಹರಿಸುತ್ತಿದ್ದ ಹಳೆಯ ಪಂಪ್‌ಹೌಸ್. ಯಂತ್ರಗಳನ್ನು ತೆಗೆದ ಮೇಲೆ ಉಳಿದದ್ದು ಎತ್ತರದ ಗೋಡೆ ಮತ್ತು ಮೌನ. ಕೋಣೆಯ ವಿನ್ಯಾಸವನ್ನು ನನಗೆ ವಹಿಸಿದ್ದ ಊರಿನ ಸಮಿತಿಯವರು ಒಂಟಿ ಕುರ್ಚಿ ಸಾಕು, ದುಃಖಕ್ಕೆ ಏಕಾಂತ ಬೇಕು ಎಂದರು. ನಾನು ಮೂರು ಮೀಟಿಂಗ್ ಜಗಳವಾಡಿ ಇಬ್ಬರು ಕೂರುವ ಬೆಂಚಿಗೆ ಒಪ್ಪಿಸಿದೆ. ನಿಜ ಹೇಳಿಬಿಡುತ್ತೇನೆ, ಮೂರನೆಯ ಮೀಟಿಂಗಿನ ಹೊತ್ತಿಗೆ ನಾನು ವಾದಿಸುತ್ತಿದ್ದದ್ದು ಸತ್ತವರಿಗಾಗಿ ಅಲ್ಲ.

ಮೊದಲು ರಟ್ಟಿನಲ್ಲಿ ನಿಜ ಅಳತೆಯ ಮಾದರಿ ಮಾಡಿ, ಒಬ್ಬೊಬ್ಬರನ್ನೇ ಒಳಗೆ ಹತ್ತು ನಿಮಿಷ ಕೂರಿಸಿ, ಅವರ ಕಣ್ಣು ಎಲ್ಲಿಗೆ ಹೋಗುತ್ತದೆಂದು ಬರೆದುಕೊಳ್ಳುವುದು ನನ್ನ ಅಭ್ಯಾಸ. ಮೇಸ್ತ್ರಿ ಕಿಟಕಿಯನ್ನು ಎರಡು ನಿಮಿಷ ನೋಡಿದರು. ಉಳಿದ ಎಂಟು ನಿಮಿಷ ನನ್ನನ್ನು.

"ಕಿಟಕಿ ನೋಡಿ ಮೇಸ್ತ್ರಿ."

"ನೋಡಿದೆ ಮೇಡಂ. ಅದು ಎಲ್ಲಿಗೂ ಓಡಿ ಹೋಗಲ್ಲ."

ನಾನು ಪುಸ್ತಕದಲ್ಲಿ ಏನೂ ಬರೆಯಲಿಲ್ಲ. ಪೆನ್ಸಿಲ್ ಬಿದ್ದುಹೋಗಿತ್ತು. ಅವರು ಕಿವಿಯ ಹಿಂದೆ ಸಿಕ್ಕಿಸಿಕೊಂಡಿದ್ದ ತಮ್ಮ ಪೆನ್ಸಿಲ್ ತೆಗೆದು ಕೊಟ್ಟರು. ಅದಿನ್ನೂ ಬೆಚ್ಚಗಿತ್ತು.

ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಯಿತೆಂದು ಒಮ್ಮೆ ಅವರೇ ಹೇಳಿದ್ದರು, ಮರಕ್ಕೆ ಸ್ಯಾಂಡ್‌ಪೇಪರ್ ತಿಕ್ಕುತ್ತ, ತಲೆ ಎತ್ತದೆ. ಗಾಯ ಮಾಗಿದೆ ಎಂದು ನಾನು ಅಂದುಕೊಂಡೆ. ನೆನಪಿನ ಕೋಣೆ ಕಟ್ಟಲು ಹೊರಟವಳಿಗೆ ಇಷ್ಟೂ ತಿಳಿಯಲಿಲ್ಲ.

ಬೆಂಚು ಕೂರಿಸುವ ದಿನ ಅಮ್ಮ ಫೋನ್ ಮಾಡಿದಳು. "ಬಾಯಿ ಬಿಟ್ಟರೆ ಬಣ್ಣಗೇಡು ಅಂತ ಇನ್ನೆಷ್ಟು ವರ್ಷ ಸುಮ್ನಿರ್ತೀಯೇ? ನಾಳೆ ಬೀಗದ ಕೈ ಕೊಟ್ಟು ಬೇರೆ ಊರಿಗೆ ಹೊರಡೋಳು ನೀನು. ಇವತ್ತೇ ಆ ಮೇಸ್ತ್ರಿಗೆ ಹೇಳ್ಬಿಡು."

ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಹೋದೆ. ಬೆಂಚು ಕಿಟಕಿಯ ಮುಂದೆ ಬಂದು ಕೂತಿತ್ತು. ಎಷ್ಟು ಚೆಂದವಿತ್ತೆಂದರೆ ಮುಟ್ಟಲು ಸಂಕೋಚವಾಯಿತು. ಕೂತೆ. ಮಂಡಿಗಳು ಮೇಲೆದ್ದವು.

"ಮೇಸ್ತ್ರಿ, ಇದು ತಗ್ಗಾಗಿದೆ."

"ಸಾಧ್ಯಾನೇ ಇಲ್ಲ."

ಟೇಪ್ ಹಿಡಿದೆ. ಡ್ರಾಯಿಂಗ್‌ನಲ್ಲಿ ಹದಿನೇಳು ಇಂಚು. ಇಲ್ಲಿ ಹದಿನಾಲ್ಕೂವರೆ.

ಮೇಸ್ತ್ರಿಗೆ ಟೇಪಿನ ಮೇಲೆ ನಂಬಿಕೆಯಿಲ್ಲ. ಅಳತೆಗಳನ್ನು ಒಂದು ಕೋಲಿನ ಮೇಲೆ ಗುರುತು ಕೊರೆದಿಟ್ಟುಕೊಂಡು ಅದರಿಂದಲೇ ಕುಯ್ಯುವವರು. ಆ ಕೋಲನ್ನು ಬೆಳಕಿಗೆ ಹಿಡಿದರು. ನನ್ನ ಹದಿನೇಳರ ಗುರುತು ಹೊಸದಾಗಿ ಬೆಳ್ಳಗಿತ್ತು. ಅದರ ಕೆಳಗೆ ಇನ್ನೊಂದು, ಹೆಬ್ಬೆರಳು ಸವೆಸಿ ಸವೆಸಿ ಕಪ್ಪಾದದ್ದು.

"ಇದು ಯಾವುದರ ಅಳತೆ?"

ಅವರ ಹೆಬ್ಬೆರಳು ಆ ಕಪ್ಪು ಗುರುತಿನ ಮೇಲೆ ಹೋಗಿ ಕೂತಿತು. ಆಮೇಲೆ, "ಅವಳದು," ಎಂದರು. "ಕುಳ್ಳಿ. ಯಾವ ಕುರ್ಚೀಲಿ ಕೂತ್ರೂ ಕಾಲು ನೇತಾಡೋದು. ಅದಕ್ಕೇ ಮನೇಲಿ ಎಲ್ಲಾನೂ ಇದೇ ಅಳತೇಲಿ ಮಾಡಿದ್ದೆ. ಕೈ ತಾನಾಗೇ ಹೋಗಿದೆ ಮೇಡಂ. ನಾಲ್ಕು ಕಾಲು ಕುಯ್ದಿದೀನಿ, ಒಂದ್ಸಲಾನೂ ಗೊತ್ತಾಗ್ಲಿಲ್ಲ."

ಜಾಣೆಯಾದವಳು ಅಲ್ಲಿಗೇ ಬಾಯಿ ಮುಚ್ಚಿಕೊಳ್ಳುತ್ತಿದ್ದಳು.

"ನಿಮ್ಮನ್ನ ಕಂಡ್ರೆ ನನಗೆ ತುಂಬಾ ಪ್ರೀತಿ," ಎಂದೆ. "ಆ ಕೋಲಿನ ಮೇಲೆ ನನ್ನದೂ ಒಂದು ಗುರುತು ಹಾಕ್ತೀರಾ?"

ಅವರ ಕೈ ಕಿವಿಯ ಹಿಂದಿನ ಪೆನ್ಸಿಲ್‌ವರೆಗೆ ಹೋಯಿತು. ಕೈ ಹಾಗೇ ಕೆಳಗಿಳಿಯಿತು.

"ನನಗೂ ನೀವಂದ್ರೆ ಇಷ್ಟಾನೇ. ಸುಳ್ಳು ಯಾಕೆ ಹೇಳ್ಲಿ? ಆದ್ರೆ ಕೈ ಎಲ್ಲಿಗೆ ಹೋಗುತ್ತೆ ಅಂತ ನೋಡಿದ್ರಲ್ಲ. ನಮ್ಮನೆಗೆ ಬಂದ್ರೆ ನೀವು ದಿನಾ ಹೀಗೇ ಮಂಡಿ ಎತ್ಕೊಂಡು ಕೂರ್ಬೇಕಾಗುತ್ತೆ."

"ಕೂರ್ತೀನಿ."

"ಬೇಡಿ," ಎಂದರು, ತುಂಬ ಮೆಲ್ಲಗೆ. "ಅದನ್ನ ದಿನಾ ನಾನು ನೋಡ್ಬೇಕಲ್ಲ."

ನಾನು ಅತ್ತೆ. ಅವರು ಬೇರೆ ಕಡೆ ತಿರುಗಿ, ಯಾವ ತಪ್ಪೂ ಇಲ್ಲದ ಬಾಗಿಲಿನ ಸ್ಕ್ರೂ ಬಿಗಿ ಮಾಡಿದರು.

"ಬೇರೆ ಬೆಂಚು ಮಾಡ್ಕೊಡ್ತೀನಿ ಮೇಡಂ. ಹದಿನೈದು ದಿನ ಕೊಡಿ."

ಹದಿನೈದು ದಿನ! ಎಷ್ಟು ಆಸೆಯಾಯಿತು. ಆದರೂ ಡ್ರಾಯಿಂಗ್ ತೆಗೆದು, ಹದಿನೇಳನ್ನು ಹೊಡೆದುಹಾಕಿ ಹದಿನಾಲ್ಕೂವರೆ ಎಂದು ಬರೆದು ಸಹಿ ಮಾಡಿದೆ.

"ಇದೇ ಇರಲಿ ಮೇಸ್ತ್ರಿ," ಎಂದೆ. "ಕುಳ್ಳಗಿರೋರೂ ಬರ್ತಾರೆ."

ಮರುದಿನ ಸಮಿತಿಯವರ ಭಾಷಣ ಮುಗಿಯಿತು, ಬೀಗದ ಕೈ ಕೊಟ್ಟೆ, ಜನ ಚದುರಿದರು. ಟೇಪ್ ಒಳಗೇ ಮರೆತಿದ್ದೆನೆಂದು ತರಲು ಹೋದೆ.

ಅವರು ಬೆಂಚಿನ ಒಂದು ತುದಿಯಲ್ಲಿ ಕೂತಿದ್ದರು. ಎತ್ತರದ ಮನುಷ್ಯ, ಮಂಡಿ ಎದೆಯ ಹತ್ತಿರ ಬಂದಿತ್ತು. ಈ ಸಲ ಕಿಟಕಿಯನ್ನೇ ನೋಡುತ್ತಿದ್ದರು. ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗವಿತ್ತು. ಮೂರು ಮೀಟಿಂಗ್ ಜಗಳವಾಡಿ ನಾನೇ ಗೆದ್ದ ಜಾಗ. ಅವರ ಕೈ ಆ ಜಾಗದ ಮೇಲೆ ಅಂಗೈ ಊರಿ ಮಲಗಿತ್ತು.

ಟೇಪ್ ಅವರ ಕಾಲಿನ ಹತ್ತಿರವೇ ಇತ್ತು. ತೆಗೆದುಕೊಳ್ಳಲಿಲ್ಲ. ಸದ್ದಾಗದಂತೆ ಬಾಗಿಲು ಎಳೆದುಕೊಂಡು ಹೊರಗೆ ಬಂದೆ.