ಆರಿದ ಚಹಾ, ಸ್ವಚ್ಛ ಫಿಲ್ಟರ್

ಕಂಪ್ಯೂಟರಿಗೆ ಸೀರೆ ಉಡಿಸಿದವಳು ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು.

ತಿಕೋಟಾ ದಾಟಿ ಘೋಣಸಗಿ ದಾರಿ ಹಿಡಿದರೆ ಗುರುಪಾದಯ್ಯನವರ ಒಣದ್ರಾಕ್ಷಿ ಶೆಡ್ ಸಿಗುತ್ತದೆ. ಒಳಗೆ ಒಣಗಿದ ದ್ರಾಕ್ಷಿಯಲ್ಲಿ ಒಳ್ಳೆಯದನ್ನು ಬೇರೆ ಮಾಡುವ ಮಷೀನು, ಅದನ್ನು ನಡೆಸುವ ಕಂಪ್ಯೂಟರು, ಅದರ ಮುಂದೆ ನಾನು, ಚಂದ್ರಕಲಾ. ಗಂಧಕದ ಹೊಗೆ, ಕಡ್ಡಿಯ ಧೂಳು, ಎಲ್ಲದಕ್ಕೂ ಅಂಟು. ಕಂಪ್ಯೂಟರು ಮೇಲಿಂದ ಮೇಲೆ ಕೆಡುತ್ತಿತ್ತು. ಧೂಳು ಒಳಗೆ ಹೋಗದಿರಲಿ ಎಂದು ನನ್ನ ಹಳೆಯ ಇಳಕಲ್ ಸೀರೆ ಸುತ್ತಿ ಬಿಗಿದೆ. ಮಧ್ಯಾಹ್ನದೊಳಗೆ ಅದು ಕಾದು ಸತ್ತೇ ಹೋಯಿತು.

ವಿಜಯಪುರದ ಸೊಲ್ಲಾಪುರ ರಸ್ತೆಯ ವರ್ಕ್‌ಶಾಪಿನಿಂದ ಯಲ್ಲಾಲಿಂಗ ರಿಪೇರಿಗೆ ಬಂದ. ಬೈಯುತ್ತಾನೆ ಅಂದುಕೊಂಡಿದ್ದೆ. ಅವನು ಗಂಟು ಬಿಚ್ಚಿ, ಸೀರೆ ಝಾಡಿಸಿ, ಅಂಚಿಗೆ ಅಂಚು ಕೂಡಿಸಿ ಮಡಚಿ ನನ್ನ ಕೈಗಿಟ್ಟ.

"ಮುಚ್ಚಿದ್ದು ಛಲೋನ ಆತ್ರಿ. ಆದ್ರ ಗಾಳಿ ಆಡಾಕ ದಾರಿ ಬಿಡಬೇಕಿತ್ತು," ಎಂದ. ಕಣ್ಣಂಚಿನಲ್ಲಿ ನಗುವಿತ್ತು.

ಬೇರೆ ಯಾರೇ ಆಗಿದ್ದರೂ ನಾಚುತ್ತಿದ್ದರು. ನನಗೇನೂ ಅನ್ನಿಸಲಿಲ್ಲ. ಗಂಡ ತೀರಿಕೊಂಡ ಮೇಲೆ ಹಾಗೇ ಆಗಿದ್ದೆ. ಅಳುವೂ ಇಲ್ಲ, ನಗುವೂ ಇಲ್ಲ, ಪಲ್ಯಕ್ಕೆ ಉಪ್ಪು ಮರೆತರೂ ಗೊತ್ತಾಗುತ್ತಿರಲಿಲ್ಲ. ಕಲ್ಲಾಗಬೇಡ ಎಂದು ಅತ್ತೆ ಬೋರವ್ವ ಗೋಗರೆಯುತ್ತಿದ್ದಳು. ಕಲ್ಲಾದರೂ ಬಿಸಿಲಿಗೆ ಕಾಯುತ್ತದೆ, ನಾನು ಅದೂ ಅಲ್ಲ.

ಯಲ್ಲಾಲಿಂಗ ಕಂಪ್ಯೂಟರಿಗೊಂದು ತಗಡಿನ ಕಪಾಟು ಮಾಡಿಕೊಟ್ಟ. ಬಾಗಿಲಿಗೆ ರಬ್ಬರ್, ಗಾಳಿ ಎಳೆಯಲು ಫ್ಯಾನು, ಫ್ಯಾನಿಗೊಂದು ಫಿಲ್ಟರ್. ಆ ಫಿಲ್ಟರಿನ ಧೂಳು ಝಾಡಿಸಲು ಪ್ರತಿ ಸೋಮವಾರ ವಿಜಯಪುರದಿಂದ ತಾನೇ ಬರತೊಡಗಿದ. ಯಾರು ಬೇಕಾದರೂ ಮಾಡುವ ಕೆಲಸ. ಝಾಡಿಸುತ್ತ ನನ್ನನ್ನು ನೋಡುವನು, ನಾನು ನೋಡಿದರೆ ಫಿಲ್ಟರ್ ನೋಡುವನು. ಕೆಲಸ ಮುಗಿಯುವಷ್ಟರಲ್ಲಿ ನಾನು ಕೊಟ್ಟ ಚಹಾ ಆರಿರುತ್ತಿತ್ತು. ಅದನ್ನೇ ಗಟಗಟ ಕುಡಿದು ಹೊರಡುವನು.

ಒಂದು ಸೋಮವಾರ ಅವನು ಬರುವ ಮೊದಲೇ ಫಿಲ್ಟರನ್ನು ನಾನೇ ಸ್ವಚ್ಛ ಮಾಡಿಟ್ಟೆ. ಬಿಸಿ ಚಹಾ ಕುಡಿದು ಒಂದಿಷ್ಟು ಹೊತ್ತು ಕೂಡಲಿ ಎಂದು. ಅವನು ಕಪಾಟು ತೆರೆದು ಫಿಲ್ಟರನ್ನು ಬೆಳಕಿಗೆ ಹಿಡಿದ. ಮುಖ ಸಣ್ಣದಾಯಿತು.

"ಕಲ್ತೀರಿ. ಇನ್ನ ನಾ ಬರೂದು ಬ್ಯಾಡನ್ರಿ ಹಂಗಾರ?"

ಹಾಗಲ್ಲ ಎನ್ನಬೇಕಿತ್ತು. ಚಹಾದ ಲೋಟವನ್ನಷ್ಟೇ ಮುಂದೆ ಸರಿಸಿದೆ. ಅವನು ಚಹಾ ಮುಟ್ಟದೆ ಹೋದ.

ಮುಂದಿನ ಸೋಮವಾರ ಬರಲಿಲ್ಲ. ಅದರ ಮುಂದಿನದೂ ಇಲ್ಲ. ಅವನು ಬಬಲೇಶ್ವರದ ಕಡೆ ಕೆಲಸ ಹಿಡಿದಿದ್ದಾನೆ, ಇಲ್ಲಿಗೆ ಬೇರೆಯವನನ್ನು ಕಳಿಸುತ್ತಾನಂತೆ ಎಂದು ಗುರುಪಾದಯ್ಯನವರು ಹೇಳಿದರು. ಹೂಂ ಎಂದೆ. ಚಹಾ ಮಾಡಿಕೊಂಡು ಕುಡಿದೆ. ಸಕ್ಕರೆ ಹಾಕಿರಲಿಲ್ಲ.

ಗೊತ್ತಾಯಿತು. ಎಷ್ಟೋ ದಿನದ ಮೇಲೆ ನಾಲಿಗೆಗೆ ಕಹಿ ಹತ್ತಿತು. ಎದೆಯಲ್ಲೂ ನೋವಿತ್ತು, ಅದೂ ಗೊತ್ತಾಯಿತು. ಫೋನ್ ಮಾಡಿದೆ.

"ಏನಾತ್ರಿ? ಕಂಪ್ಯೂಟರ್ ಬಂದ್ ಬಿತ್ತೇನು?"

"ಇಲ್ರಿ. ಛಲೋ ನಡದೈತಿ."

"ಫಿಲ್ಟರ್?"

"ಸ್ವಚ್ಛ ಐತಿ. ಅವತ್ತು ನಿಮ್ಮ ಚಾ ಆರಬಾರ್ದಂತ ಮಾಡಿದ್ದೆ."

ಆ ಕಡೆ ಅವನು ಯಾವುದೋ ಮಷೀನು ಬಂದ್ ಮಾಡಿದ ಸದ್ದು ಕೇಳಿತು.

"ಮತ್ತ ಈಗ ಯಾಕ ಫೋನ್ ಮಾಡೀರಿ?" ಮೆಲ್ಲಗೆ ಕೇಳಿದ.

"ನೀವ ಬೇಕಾಗೀರಿ."

"ಚಾ ಇಡ್ರಿ, ಬಂದೆ," ಎಂದ.

ಬಬಲೇಶ್ವರದಿಂದ ಬರುವಷ್ಟರಲ್ಲಿ ಅದು ಆರಿಯೇ ಆರುತ್ತದೆ. ಆದರೂ ಆಗಲೇ ಇಟ್ಟೆ.