ಎರಡು ಮೆಗಾಪಿಕ್ಸೆಲ್ ಮೊಣಕೈ

ಆರು ವರ್ಷಗಳ ಹಿಂದೆ ನನಗೆ ಕೈಕೊಟ್ಟವನು ನನ್ನ ಸ್ಟುಡಿಯೋದ ಬಾಗಿಲು ತಳ್ಳಿಕೊಂಡು ಒಳಗೆ ಬಂದ. ದೇವರು ದೊಡ್ಡವನು ಎಂದುಕೊಂಡೆ.

"ಹೇಳಿ ಸರ್." ಆ 'ಸರ್' ಚುಚ್ಚಲಿ ಎಂದೇ ಅಂದದ್ದು.

ಅವನ ಕಿವಿ ಕೆಂಪಾಯಿತು. ಹಿಂದೆಯೂ ಹಾಗೆಯೇ, ಮೊದಲು ಕಿವಿ, ಆಮೇಲೆ ಮಾತು.

"ಅಮ್ಮ ರಿಟೈರ್ ಆಗ್ತಿದ್ದಾರೆ. ಅವರ ಆಸ್ಪತ್ರೆ ಹಾಲ್‌ನಲ್ಲಿ ಹಾಕೋಕೆ ಈ ಫೋಟೋ ನಾಲ್ಕಡಿ ದೊಡ್ಡದು ಮಾಡ್ಬೇಕು. ಅಮ್ಮನಿಗೆ ಇದೇ ಬೇಕಂತೆ."

ಅವನು ಕಳಿಸಿದ ಫೋಟೋ ನನ್ನ ಕಂಪ್ಯೂಟರಿನಲ್ಲಿ ತೆರೆದುಕೊಂಡಿತು. ಅವನ ಅಮ್ಮ ನಗುತ್ತಿದ್ದರು. ಅಂಚಿನಲ್ಲಿ ನೀಲಿ ಕುರ್ತಾ ತೋಳಿನ ಒಂದು ಮೊಣಕೈ.

ನನ್ನದೇ ಮೊಣಕೈ! ಅವರ ಪಕ್ಕ ಹೆಗಲು ತಾಗಿಸಿ ನಿಂತಿದ್ದವಳು ನಾನು. ನನ್ನನ್ನು ಕತ್ತರಿಸಿ ಮೊಣಕೈಯೊಂದನ್ನು ಉಳಿಸಿಕೊಂಡಿದ್ದಾನೆ, ಮಹಾನುಭಾವ.

ಮೈಯೆಲ್ಲ ಉರಿದುಹೋಯಿತು. ಆ ಫೋಟೋ ತೆಗೆದ ಮುಂದಿನ ಭಾನುವಾರ ನಾಲ್ಕು ಗಂಟೆಗೆ ಅವನು ಮದುವೆ ಮಾತಾಡಲು ನಮ್ಮ ಮನೆಗೆ ಬರಬೇಕಿತ್ತು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಷರ್ಟು ಹಾಕಿಕೊಂಡು ಏಳರವರೆಗೆ ಕಿಟಕಿಯ ಪಕ್ಕ ಕೂತಿದ್ದರು. ಬಂದದ್ದು ಒಂದು ಮೆಸೇಜ್: 'ಬರೋಕಾಗಲ್ಲ, ಕ್ಷಮಿಸು.' ಅಪ್ಪ ಆ ಷರ್ಟನ್ನು ಮತ್ತೆ ಮುಟ್ಟಲಿಲ್ಲ. ಅದನ್ನು ಮಾತ್ರ ನಾನು ಸತ್ತರೂ ಮರೆಯುವುದಿಲ್ಲ.

ಮಾನಿಟರನ್ನು ಅವನತ್ತ ತಿರುಗಿಸಿ ಫೋಟೋವನ್ನು ನಾಲ್ಕಡಿಗೆ ಹಿಗ್ಗಿಸಿದೆ. ಅವನಮ್ಮನ ಮೂಗು ನಾಲ್ಕು ಕಂದು ಚೌಕಗಳಾಯಿತು.

"ತಗೊಳ್ಳಿ, ನಿಮ್ಮಮ್ಮ."

"ಇದಕ್ಕೆ ಏನೋ ಸಾಫ್ಟ್‌ವೇರ್ ಇರುತ್ತಲ್ವಾ?"

"ಓಹೋ, ಇದೆಯಲ್ಲ!" ಬಟನ್ ಒತ್ತಿದೆ. ಚೌಕಗಳು ಕರಗಿ ಮುಖ ನುಣ್ಣಗಾಯಿತು. ಬಾಯಿ ತುಂಬ ಸಾಲು ಹಲ್ಲು ಬಂದವು. ಅವನಮ್ಮನ ಮುಂದಿನ ಎರಡು ಹಲ್ಲುಗಳ ನಡುವಿನ ಸಂದು ಮಾಯ.

"ಇದು ನಮ್ಮಮ್ಮ ಅಲ್ಲ," ಎಂದ ಕಂಗಾಲಾಗಿ.

"ಫೋಟೋದಲ್ಲಿ ಇಲ್ಲದ್ದನ್ನ ಅದು ಊಹಿಸಿ ತುಂಬುತ್ತೆ ಸರ್. ಕೆಲವರು ಮಾತು ಕೊಡ್ತಾರಲ್ಲ, ಹಾಗೆ. ಕತ್ತರಿಸಿ, ವಾಟ್ಸಾಪಲ್ಲಿ ಹತ್ತು ಕೈ ದಾಟಿಸಿದ್ರೆ ಇನ್ನೇನು ಉಳಿಯುತ್ತೆ? ಒರಿಜಿನಲ್ ತನ್ನಿ."

ಮರುದಿನ ಮೇಲ್‌ನಲ್ಲಿದ್ದ ಕಾಪಿ ತಂದ. ವಾಪಸ್ ಕಳಿಸಿದೆ. ಅದರ ಮರುದಿನ ಯಾವಾಗಲೋ ಹಾಕಿಸಿದ್ದ ಪ್ರಿಂಟ್ ತಂದ. ಅದಕ್ಕೂ ಬಾಗಿಲು ತೋರಿಸಿದೆ. ಎರಡರಲ್ಲೂ ನಾನು ಬರೀ ಮೊಣಕೈ. ಅವನನ್ನು ಅಲೆದಾಡಿಸಿದ ಖುಷಿಗೆ ನನಗೆ ಊಟ ಎರಡು ತುತ್ತು ಹೆಚ್ಚೇ ಸೇರುತ್ತಿತ್ತು.

"ಊರಲ್ಲಿ ಇನ್ನೂ ನಾಲ್ಕು ಸ್ಟುಡಿಯೋ ಇದೆ ಸರ್."

"ಗೊತ್ತು," ಎಂದು ನನ್ನನ್ನೇ ನೋಡಿದ. ನಾನು ಮೌಸ್ ನೋಡಿದೆ. ಎದೆ ಡವಡವ ಎಂದಿತು. ಹಾಳಾದ್ದು, ಅದಕ್ಕೆ ಬುದ್ಧಿಯೇ ಇಲ್ಲ.

ನಾಲ್ಕನೆಯ ದಿನ ಹಳೆಯ ಫೋನನ್ನೇ ತಂದು ಕೌಂಟರಿನ ಮೇಲಿಟ್ಟ. ಎರಡು ಮೆಗಾಪಿಕ್ಸೆಲ್ಲಿನ ಡಬ್ಬಾ. ಓಬೀರಾಯನ ಕಾಲದ್ದು ಎಂದು ನಾನು ಆಗಲೇ ಆಡಿಕೊಳ್ಳುತ್ತಿದ್ದೆ. ಈಗಲೂ ಫುಲ್ ಚಾರ್ಜ್ ಇತ್ತು.

ಒರಿಜಿನಲ್‌ನಲ್ಲಿ ನಾನಿದ್ದೆ, ಪೂರ್ತಿಯಾಗಿ. ಅವನ ಅಮ್ಮ ಏನೋ ಹೇಳಿದ್ದಕ್ಕೆ ಕಣ್ಣು ಮುಚ್ಚಿ ನಗುತ್ತಿದ್ದೆ. ಅವರ ಹಲ್ಲಿನ ಸಂದೂ ಇತ್ತು.

"ನನ್ನನ್ನ ಯಾಕೆ ಕತ್ತರಿಸಿದೆ?" ಸರ್ ಎನ್ನುವುದು ಮರೆತೇಹೋಯಿತು.

"ನಿನ್ನನ್ನ ಕೇಳದೆ ನಿನ್ನ ಮುಖ ಹೇಗೆ ಊರಿಗೆಲ್ಲ ಕಳಿಸ್ಲಿ, ಗೋಡೆಗೆ ಹಾಕ್ಲಿ?"

"ಆವತ್ತು ಯಾಕೆ ಬರ್ಲಿಲ್ಲ?" ಕಾಯಿಲೆ, ಆಕ್ಸಿಡೆಂಟು, ಏನಾದರೊಂದು ಕಥೆ ಕಟ್ಟಲಿ, ಮುಖಕ್ಕೇ ಎಸೆಯೋಣ ಎಂದು ಕಾದೆ.

"ಹೆದರಿಬಿಟ್ಟೆ ಕಣೇ. ಕೆಲಸ ಇರ್ಲಿಲ್ಲ, ನಿಮ್ಮಪ್ಪ ಕೇಳಿದ್ರೆ ಏನು ಹೇಳ್ಲಿ ಅಂತ. ನಿಮ್ಮ ಬೀದಿ ತುದಿವರೆಗೂ ಬಂದು ವಾಪಸ್ ಹೋದೆ. ಬೇರೆ ಕಾರಣ ಇಲ್ಲ. ಅಮ್ಮ ಇವತ್ತಿಗೂ ಬೈತಾರೆ. ನನಗೆ ಈಗಲೂ ನೀನಂದ್ರೆ ಪ್ರಾಣ."

ನನಗೂ ಅವನೆಂದರೆ ಪ್ರಾಣವೇ. ಆದರೆ ಅಪ್ಪನ ಷರ್ಟು?

"ಭಾನುವಾರ ನಾಲ್ಕಕ್ಕೆ ಮನೆಗೆ ಬಾ. ಯಾರೂ ಬಾಗಿಲು ತೆಗೆಯಲ್ಲ. ಏಳರವರೆಗೆ ಮೆಟ್ಟಿಲ ಮೇಲೆ ಕೂತಿರ್ಬೇಕು. ಒಂದು ನಿಮಿಷ ಮೊದಲು ಎದ್ರೂ ನಿನ್ನ ದಾರಿ ನಿನಗೆ, ನನ್ನ ದಾರಿ ನನಗೆ."

ಐದು ನಿಮಿಷ ಮೊದಲೇ ಬಂದು ಕೂತ. ಬಿಸಿಲು ನೇರ ಮುಖಕ್ಕೆ ಹೊಡೆಯಿತು. ಎದುರು ಮನೆಯವರು ನೆಪ ಮಾಡಿಕೊಂಡು ಹೊರಗೆ ಬಂದು ನೋಡಿದರು. ನಾನು ಪರದೆಯ ಸಂದಿನಿಂದ ನೋಡುತ್ತ ಎರಡು ಗಂಟೆ ಆ ಖುಷಿಯನ್ನು ಚಪ್ಪರಿಸಿದೆ. ಆಮೇಲೆ ಯಾಕೋ ರುಚಿಸಲಿಲ್ಲ. ಗಡಿಯಾರ ನೋಡಿ ನೋಡಿ ಸಾಕಾಯಿತು.

ಆರೂವರೆಗೆ ಅಪ್ಪ ಪೇಪರ್ ಮಡಿಸಿದರು. "ಇನ್ನೂ ಕೂತಿದ್ದಾನೇನಮ್ಮಾ?"

"ಕೂತಿದ್ದಾನಪ್ಪಾ. ಇನ್ನೂ ಅರ್ಧ ಗಂಟೆ ಇದೆ."

ಅಪ್ಪ ಎದ್ದು ಬೀರು ತೆರೆದರು. ತಳದಲ್ಲಿದ್ದ ಬಿಳಿ ಷರ್ಟನ್ನು ಎಳೆದು ನನ್ನ ಕೈಗಿಟ್ಟರು.

"ಇಸ್ತ್ರಿ ಮಾಡಿಕೊಡು. ಏಳಕ್ಕೆ ನಾನೇ ಬಾಗಿಲು ತೆಗೀತೀನಿ."